ಅಪ್ಪನ ನಂಬರಿನಲ್ಲಿ ಬಂದ ಕಣ್ಣು

ಫೆಬ್ರವರಿ ೬

ಅಪ್ಪಾ,

ಅಕ್ಷರ ಇಷ್ಟು ದಪ್ಪ ಸಾಕಾ? ಸ್ಕೆಚ್ ಪೆನ್ನಲ್ಲಿ ಬರೀತಿದ್ದೀನಿ. ಹಾಸ್ಟೆಲ್ ರೂಮಿನ ಹುಡುಗಿಯರು "ಯಾರಿಗೇ ಪೋಸ್ಟರ್ ಬರೀತಿರೋದು?" ಅಂತ ಕಾಲೆಳೀತಿದ್ದಾರೆ. ಏನು ಮಾಡ್ಲಿ? ಮೆಸೇಜ್ ಮಾಡಿದ್ರೆ "ಅಕ್ಷರ ಇರುವೆ ಸಾಲಿನ ಥರ ಇದೆ, ಫೋನ್ ಕೆಟ್ಟೋಗಿದೆ" ಅಂತೀಯ. ವಾಯ್ಸ್ ಕಳಿಸಿದ್ರೆ ಇಡೀ ಡಿಪೋಗೆ ಕೇಳೋ ಹಾಗೆ ಹಾಕ್ತೀಯ. ಫೋನ್ ಮಾಡಿದ್ರೆ "ಹಾಂ, ಚೆನ್ನಾಗಿದ್ದೀನಿ, ಬಸ್ ಹೊರಡ್ತು", ಕಟ್! ಅದಕ್ಕೇ ಈ ಕಾಗದ. ಇದನ್ನ ಕಟ್ ಮಾಡು ನೋಡೋಣ.

ಆಸ್ಪತ್ರೆಲಿ ನನ್ನ ಕೆಲಸ ಏನು ಅಂತ ಕೇಳಿದ್ದೆಯಲ್ಲ. ರೋಗಿಗಳನ್ನ ನೋಡೋ ಕೆಲಸ ಅಂದ್ಕೊಂಡಿದ್ದೀಯ. ಇಲ್ಲಪ್ಪಾ, ನಾನು ನೋಡೋದು ಬರೀ ಕಣ್ಣು. ಮುಖ ಇಲ್ಲ, ಹೆಸರಿಲ್ಲ, ಒಂದು ನಂಬರ್ ಅಷ್ಟೇ. ನೆಲಮಾಳಿಗೆಲಿ ಒಂದು ರೂಮು. ಸ್ಕ್ರೀನ್ ಮೇಲೆ ಬೆಳಕು ಬೀಳಬಾರದು ಅಂತ ಕಿಟಕಿನೇ ಇಟ್ಟಿಲ್ಲ. ಫೋನ್ ಬಾಗಿಲಲ್ಲೇ ಕಿತ್ತುಕೊಂಡು ಲಾಕರ್‌ಗೆ ಹಾಕ್ತಾರೆ. ಹೊರಗೆ ಮಳೆ ಬಂತಾ, ಬಿಸಿಲಿತ್ತಾ, ಸಂಜೆ ಮೆಟ್ಟಿಲು ಹತ್ತಿ ಬಂದ ಮೇಲೇ ಗೊತ್ತಾಗೋದು. ಟ್ರೈನಿಂಗ್ ಮುಗಿಯೋವರೆಗೂ ರಜೆನೂ ಇಲ್ಲ.

ಆದ್ರೆ ಕಣ್ಣು ಇದೆಯಲ್ಲ, ಸಖತ್ತಾಗಿರುತ್ತೆ ಅಪ್ಪ! ಒಬ್ಬೊಬ್ಬರದೂ ಎರಡು ಥರದ ಫೋಟೋ ಬರುತ್ತೆ. ಒಂದು ಮುಂದಿನದು. ಅದರಲ್ಲಿ ಪೊರೆ ಕಾಣಿಸುತ್ತೆ, ಬಿಸಿ ಟೀ ಮುಂದೆ ಹಿಡಿದ ಕನ್ನಡಕದ ಥರ ಮಂಜು ಮಂಜು. ಇನ್ನೊಂದು ಕಣ್ಣಿನ ಹಿಂದಿನ ಗೋಡೆದು. ಕಿತ್ತಳೆ ಬಣ್ಣ, ಮಧ್ಯೆ ಹಳದಿ ಬಿಲ್ಲೆ. ಆ ಬಿಲ್ಲೆಯಿಂದ ನರ ಮೆದುಳಿಗೆ ಹೋಗುತ್ತೆ. ಪೊರೆ ದಪ್ಪ ಇದ್ರೆ ಹಿಂದಿನ ಫೋಟೋನೂ ಮಂಜಾಗೇ ಬರುತ್ತೆ, ಕೊಳೆ ಗಾಜಿನಾಚೆಯಿಂದ ತೆಗೆದ ಹಾಗೆ. ನಾವು ನೋಡಿ ಮೊದಲು ಬರೀತೀವಿ, ಆಮೇಲೆ ಡಾಕ್ಟರಮ್ಮ ನೋಡಿ ಸಹಿ ಹಾಕ್ತಾರೆ.

ಮುಖ್ಯವಾದ ಸುದ್ದಿ: ಈ ಸಲ ಬಸ್ ಡ್ರೈವರುಗಳ ಕಣ್ಣು ಪರೀಕ್ಷೆ ನಮ್ಮ ಆಸ್ಪತ್ರೆಗೇ ಸಿಕ್ಕಿದೆ! ಕ್ಯಾಮೆರಾ ವ್ಯಾನು ನಿಮ್ಮ ಡಿಪೋಗೂ ಬರುತ್ತೆ. ಆದ್ರೆ ನಿನ್ನ ಕಣ್ಣು ನಾನು ನೋಡೋ ಹಾಗಿಲ್ಲ. ಮನೆಯವರದು ಬಂದ್ರೆ ಪಕ್ಕದ ಟೇಬಲ್‌ಗೆ ಕೊಡಬೇಕು, ರೂಲು.

ಸೀಟಿಮಾಮನಿಗೆ ನನ್ನ ನೆನಪು ಹೇಳು. ನನ್ನ ಅಪ್ಪ ಮತ್ತೆ ಅವನ ಕಂಡಕ್ಟರು, ಅಮ್ಮ ಹೋದ ಮೇಲೆ ಡಿಪೋ ಹಿಂದಿನ ರೂಮಲ್ಲಿ ಗಂಡ ಹೆಂಡತಿ ಥರ ಕಿತ್ತಾಡಿಕೊಂಡು ಇದ್ದಾರೆ ಅಂದ್ರೆ ಇಲ್ಲಿ ಎಲ್ಲರೂ ಬಿದ್ದು ಬಿದ್ದು ನಗ್ತಾರೆ.

ನಿನ್ನ
ಗೂಬೆಮರಿ


ಫೆಬ್ರವರಿ ೨೧

ಗೂಬೆಮರಿಗೆ,

ಬರೀತಿರೋದು ನಿನ್ನ ಸೀಟಿಮಾಮ, ಹೇಳ್ತಿರೋದು ನಿಮ್ಮಪ್ಪ. ನನ್ನ ಹೆಬ್ಬೆರಳು ಬಸ್ಸಿನ ಬಾಗಿಲಿಗೆ ಸಿಕ್ಕಿ ಊದಿಕೊಂಡಿದೆ. (ಊದಿಲ್ಲ ಅಂತ ಬರೀಲಾ ಅಂದೆ, ಹೊಡೆಯೋಕೆ ಬಂದ. ಸೀಟಿ.) ನಿನ್ನ ಕಾಗದನೂ ಅವನೇ ಓದಿದ. ನಾಟಕದವನ ಥರ ಏರಿಸಿ ಇಳಿಸಿ ಓದ್ತಾನೆ, ಕೇಳೋಕೆ ಮಜಾ.

ವ್ಯಾನು ಬಂದಿತ್ತು ಮಗಳೇ. ಗದ್ದ ಇಡಿ ಅಂದ್ರು, ಕಣ್ಣು ಅಗಲಿಸಿ ಅಂದ್ರು, ಪಟ್ ಅಂತ ಬೆಳಕು ಬಿತ್ತು, ಆಯ್ತು. ಇನ್ನು ಆ ವಿಷಯ ತಲೆ ತಿನ್ನಬೇಡ.

ನಿನಗೆ ನೆನಪಿದೆಯಾ, ನಮ್ಮ ದಪ್ಪಮೀಸೆ ಡ್ರೈವರ್ರು? ಪೊರೆ ಆಪರೇಷನ್ ಮಾಡಿಸ್ಕೊಂಡು ಬಂದ. ಕಣ್ಣು ಚಿನ್ನದ ಥರ ಆಗಿತ್ತು. ಆದ್ರೂ "ಕಣ್ಣು ಕೊಯ್ಸಿಕೊಂಡವನಿಗೆ ಸ್ಟೇರಿಂಗ್ ಕೊಡಲ್ಲ" ಅಂತ ಟೈರ್ ಗೋಡೌನಿಗೆ ಹಾಕಿದ್ರು. ದಿನಾ ಸವೆದ ಟೈರು ಜೋಡಿಸ್ತಾ ಕೂತಿರ್ತಾನೆ. ಬಸ್ ಹೊರಡೋ ಸದ್ದು ಕೇಳಿದ್ರೆ ತಲೆ ಎತ್ತಲ್ಲ. ನೋಡೋಕಾಗಲ್ಲ.

ನಾನು ಚೆನ್ನಾಗಿದ್ದೀನಿ. ಸೀಟಿ ಈಗ ಹಿಂದಿನ ಬಾಗಿಲು ಬಿಟ್ಟು ಮುಂದೆ ನನ್ನ ಪಕ್ಕದಲ್ಲೇ ನಿಂತ್ಕೊಳ್ತಾನೆ. ಮಾತಿಗೆ ಜೊತೆ ಆಗುತ್ತೆ. (ಅವನ ಮಾತಲ್ಲ, ನನ್ನ ಮಾತು. ಅವನು ಬರೀ ಹೂಂ ಅಂತಾನೆ. ಸೀಟಿ.)

ಊಟ ಸರಿಯಾಗಿ ಮಾಡು.

ಇಂತಿ
ಅಪ್ಪ


ಮಾರ್ಚ್ ೧೧

ಅಪ್ಪಾ,

ಇದನ್ನ ಕೂತ್ಕೊಂಡು ಕೇಳು. ಮಾಮ, ನೀನು ಏರಿಸಿ ಇಳಿಸಿ ಓದಬೇಡ, ನಿಧಾನಕ್ಕೆ ಓದು.

ನಿಮ್ಮ ಡಿಪೋ ಫೋಟೋಗಳು ಬಂದ್ವು. ನಿನ್ನ ನಂಬರ್ ನಾನು ಮರೆಯೋದುಂಟಾ? ಚಿಕ್ಕವಳಿದ್ದಾಗಿಂದ ನಿನ್ನ ಶರ್ಟಿನ ನಂಬರ್ ಬಿಲ್ಲೆ ಉಜ್ಜಿ ಹೊಳೆಸ್ತಿದ್ದವಳು ನಾನೇ. ಪಕ್ಕದ ಟೇಬಲ್‌ಗೆ ಕೊಡಬೇಕಿತ್ತು. ಕೊಡಲಿಲ್ಲ. ಒಂದು ಸಲ ನೋಡಿ ಕೊಡೋಣ ಅಂತ ತೆಗೆದೆ.

ಮುಂದಿನ ಫೋಟೋ ನೋಡಿ ಖುಷಿಯಾಗೋಯ್ತು. ಪೊರೆನೇ ಇಲ್ಲ! ಈ ವಯಸ್ಸಿಗೆ ತೊಳೆದಿಟ್ಟ ಗಾಜು. ಹಿಂದಿನದು ತೆಗೆದೆ. ನಂಬರ್ ಸರಿಯಾಗಿದೆಯಾ ಅಂತ ಎರಡೆರಡು ಸಲ ನೋಡಿದೆ ಅಪ್ಪ.

ಹಳದಿ ಬಿಲ್ಲೆ ಅಂದಿದ್ದೆನಲ್ಲ, ಅದರ ಮಧ್ಯೆ ಒಂದು ಸಣ್ಣ ಗುಳಿ ಇರುತ್ತೆ. ಎಲ್ಲರಿಗೂ ಇರುತ್ತೆ. ನಿನ್ನದರಲ್ಲಿ ಆ ಗುಳಿ ಅಂಚಿನವರೆಗೂ ಹಬ್ಬಿದೆ. ಎರಡೂ ಕಣ್ಣಲ್ಲಿ. ಇದಕ್ಕೆ ಗ್ಲಾಕೋಮಾ ಅಂತಾರೆ. ನರ ಒಣಗ್ತಾ ಬರುತ್ತೆ. ನೋವಿಲ್ಲ, ಕೆಂಪಿಲ್ಲ, ಏನೂ ಗೊತ್ತಾಗಲ್ಲ. ಎದುರಿಗಿರೋದು ಚೆನ್ನಾಗೇ ಕಾಣ್ತಿರುತ್ತೆ, ಪಕ್ಕದ್ದು ಹೋಗುತ್ತೆ. ಸುತ್ತಲಿಂದ ಬಾಗಿಲು ಮುಚ್ಚಿಕೊಂಡು ಬಂದ ಹಾಗೆ. ಹೋಗಿದ್ದು ವಾಪಸ್ ಬರಲ್ಲ. ಉಳಿದಿದ್ದನ್ನ ಉಳಿಸ್ಕೋಬಹುದು, ಈಗಿಂದೀಗಲೇ ಔಷಧಿ ಹನಿ ಶುರು ಮಾಡಿದ್ರೆ.

ಬರೀ ಫೋಟೋ ನೋಡಿ ಖಚಿತ ಹೇಳೋಕಾಗಲ್ಲ, ಕಣ್ಣಿನೊಳಗಿನ ಒತ್ತಡ ನೋಡಬೇಕು, ಇನ್ನೂ ಪರೀಕ್ಷೆ ಇದೆ. ಅದಕ್ಕೇ ಹೇಳ್ತಿದ್ದೀನಿ, ಬಾ. ನಾನು ಆ ಫೋಟೋನ "ಇನ್ನೊಮ್ಮೆ ನೋಡಬೇಕು" ಅನ್ನೋ ಕಡೆ ಹಾಕಿಟ್ಟಿದ್ದೀನಿ. ಡಾಕ್ಟರಮ್ಮನ ಹತ್ತಿರ ಇನ್ನೂ ಹೋಗಿಲ್ಲ. ಹೋದ್ರೆ ನಿನ್ನನ್ನ ಅವತ್ತೇ ಸೀಟಿಂದ ಇಳಿಸ್ತಾರೆ. ಮೊದಲು ನೀನೇ ಬಂದು ತೋರಿಸ್ಕೊಂಡ್ರೆ ಮರ್ಯಾದೆ ಇರುತ್ತೆ ಅಂತ.

ಫೋನಲ್ಲಿ ಹೇಳೋಕೆ ಹೋದೆ. ನೀನು "ಬಸ್ ಹೊರಡ್ತು" ಅಂದೆ.

ಬಾ ಅಪ್ಪ.

ಗೂಬೆಮರಿ


ಮಾರ್ಚ್ ೨೬

ಮಗಳೇ,

ನಿನ್ನ ಕಾಗದ ತಲುಪಿತು. ಗಾಬರಿ ಬೇಡ. ಮೆಷಿನ್ನು ಅಂದಮೇಲೆ ಹೆಚ್ಚುಕಮ್ಮಿ ಆಗುತ್ತೆ. ನನಗೆ ಎಲ್ಲಾ ಕಾಣಿಸುತ್ತೆ. ಮೊನ್ನೆ ಹಾಲಿನ ಗಾಡಿಯವನು ಎಡಗಡೆಯಿಂದ ನುಗ್ಗಿ ನಮ್ಮ ಕನ್ನಡಿ ಮುರಿದ, ಅದು ಅವನದೇ ತಪ್ಪು.

ಈಗ ಡಿಪೋಲಿ ಕೆಲಸ ಜಾಸ್ತಿ, ಬರೋಕಾಗಲ್ಲ. ನೀನು ಫೋಟೋ ಚೆನ್ನಾಗಿದೆ ಅಂತ ಬರೆದು ಕಳಿಸಿಬಿಡು. ಆಮೇಲೆ ಪುರುಸೊತ್ತಾದಾಗ ನೋಡೋಣ.

ಒಂದು ಮಾತು. ಆ ಕಾಯಿಲೆ ಬಂದವರಿಗೆ ಪೂರ್ತಿ ಕತ್ತಲಾಗೋಕೆ ಎಷ್ಟು ಕಾಲ ಬೇಕು? ಹನಿ ಹಾಕೋದು ಸ್ವಲ್ಪ ತಡ ಆದ್ರೆ ಏನಾಗುತ್ತೆ? ಸುಮ್ನೆ ಕೇಳಿದೆ.

ಇಂತಿ
ಅಪ್ಪ


ಏಪ್ರಿಲ್ ೮

ಅಪ್ಪಾ,

ಇದನ್ನ
ನೀನೇ ಓದು.
ಮಾಮನ ಕೈಗೆ
ಕೊಡಬೇಡ.

ಒಂದು ಪುಟಕ್ಕೆ
ಐದೇ ಪದ
ಬರೀತಿದ್ದೀನಿ.

ಇರುವೆ ಥರ ಕಾಣೋ ಅಕ್ಷರ,
ದೀಪದ ಸುತ್ತ ಬಳೆ ಕಾಣುತ್ತೆ ಅಂದಿದ್ದು,
ಲೋಟದ ಪಕ್ಕ ನೀನು ನೀರು ಸುರಿದಿದ್ದು.
ಅದು ಪೊರೆ.
ನಿನಗೆ ಪೊರೆ ಇದೆ.

ಫೋಟೋದಲ್ಲಿ ಪೊರೆ ಇಲ್ಲ.

ನಿನ್ನ ಎಡಗಣ್ಣಲ್ಲಿ
ಕಬ್ಬಿಣದ ಚೂರು ಬಿದ್ದ
ಬಿಳಿ ಕಲೆ ಇದೆ.
ತೊಡೆ ಮೇಲೆ ಕೂತಾಗ
ದಿನಾ ನೋಡ್ತಿದ್ದೆ.

ಫೋಟೋದಲ್ಲಿ ಕಲೆ ಇಲ್ಲ.

ಅಪ್ಪ, ಇದು ಯಾರ ಕಣ್ಣು?

ಆ ಮನುಷ್ಯ
ಕುರುಡ ಆಗ್ತಿದ್ದಾನೆ.
ಅವನಿಗೆ ಗೊತ್ತಾ?

ಗೂಬೆಮರಿ


ಏಪ್ರಿಲ್ ೧೬

ಮಗಳೇ

ನಾನೇ ಬರೀತಿದ್ದೀನಿ. ಸಾಲು ಒಂದರ ಮೇಲೊಂದು ಹತ್ತಿದ್ರೆ ಬೇಜಾರು ಮಾಡ್ಕೋಬೇಡ.

ಬಾತ್‌ರೂಮಲ್ಲಿ ಬಲ್ಬಿನ ಕೆಳಗೆ ನಿಂತ್ಕೊಂಡು ಓದಿದೆ. ನಿನ್ನ ಮಾರ್ಚ್ ಕಾಗದದಲ್ಲಿ ಏನು ಬರೆದಿದ್ದೆ? ಅವನು ನನಗೆ ಓದಿದ್ದು ಇಷ್ಟೇ: "ಅಪ್ಪಾ, ನಿನ್ನ ಕಣ್ಣು ತೊಳೆದಿಟ್ಟ ಗಾಜು, ನನಗೆ ಖುಷಿಯಾಗೋಯ್ತು." ಆಮೇಲೆ ಎರಡು ಜೋಕು ಸೇರಿಸಿದ. ನಾನು ನಕ್ಕೆ. ಅವನು ನನ್ನ ಹೆಸರಲ್ಲಿ ನಿನಗೆ ಉತ್ತರ ಬರೆದಿದ್ದೂ ನನಗೆ ಗೊತ್ತಿರಲಿಲ್ಲ.

ಅದು ಸೀಟಿ ಕಣ್ಣು. ನನ್ನ ಶರ್ಟು, ನನ್ನ ಬಿಲ್ಲೆ ಹಾಕ್ಕೊಂಡು ವ್ಯಾನಿಗೆ ಹೋದ. ವ್ಯಾನಿನವರು ಹೊರಗಿನವರು, ಯಾರ ಮುಖನೂ ಗೊತ್ತಿಲ್ಲ. ಕಂಡಕ್ಟರುಗಳಿಗೆ ಈ ಪರೀಕ್ಷೆ ಇಲ್ಲ. ಹಾಗಾಗಿ ಅವನ ಕಣ್ಣನ್ನ ಇವತ್ತಿನವರೆಗೂ ಯಾರೂ ನೋಡಿಲ್ಲ.

ಇನ್ನೂ ಒಂದು ಹೇಳಬೇಕು. ಹೋದ ವರ್ಷದಿಂದ ನನಗೆ ಮುಂದಿನ ಗಾಜು ಯಾವಾಗಲೂ ಮಂಜು ಕವಿದ ಹಾಗೇ. ಎದುರಿನ ಗಾಡಿ ದೀಪ ಹಾಕಿದ್ರೆ ರಸ್ತೆನೇ ಇರಲ್ಲ. ಅವನು ಪಕ್ಕದಲ್ಲಿ ನಿಂತು ಸೀಟಿ ಊದ್ತಾನೆ. ಗಿಡ್ಡ ಸೀಟಿ ಅಂದ್ರೆ ಎಡಕ್ಕೆ ಜನ. ಎರಡು ಗಿಡ್ಡ ಅಂದ್ರೆ ಬಲಕ್ಕೆ. ಉದ್ದ ಎಳೆದ್ರೆ ಬ್ರೇಕು. ಹತ್ತಿದವರು "ಈ ಕಂಡಕ್ಟರಿಗೇನು ಹುಚ್ಚಾ" ಅಂತಾರೆ. ಬಸ್ಸು ಓಡಿಸ್ತಿದ್ದಿದ್ದು ನನ್ನ ಕೈ, ಅವನ ಕಣ್ಣು.

ನಿನ್ನ ಕಾಗದ ಓದಿದ ಮೇಲೆ ಅವನನ್ನ ಕೇಳಿದೆ. ಹೋದ ತಿಂಗಳು ನಮ್ಮ ಕನ್ನಡಿ ಮುರಿದ ಹಾಲಿನ ಗಾಡಿ ಬಂದಾಗ ಯಾಕೋ ಹೇಳಲಿಲ್ಲ ನೀನು ಅಂತ. "ಕಾಣಲಿಲ್ಲ ಕಣೋ" ಅಂದ.

ಆ ಗಾಡಿ ಪಕ್ಕ ಸೈಕಲ್ಲಲ್ಲಿ ಒಂದು ಹುಡುಗಿ ಇತ್ತು ಮಗಳೇ. ನಾನೂ ನೋಡಲಿಲ್ಲ, ಅವನೂ ನೋಡಲಿಲ್ಲ. ಅವಳೇ ಹಾರಿ ಚರಂಡಿಗೆ ಬಿದ್ದಳು. ಏನೂ ಆಗಲಿಲ್ಲ. ಎದ್ದು ನಮಗೆ ಬೈದು ಹೋದಳು.

ನಾಳೆ ಬೆಳಿಗ್ಗೆ ಮತ್ತೆ ಡ್ಯೂಟಿ ಇದೆ. ಹೇಳಿದ್ರೆ ಇಬ್ಬರ ಕೆಲಸನೂ ಹೋಗುತ್ತೆ. ವೇಷ ಹಾಕಿ ಹೋದವನು ಅವನು, ಅವನಿಗೇ ಜಾಸ್ತಿ ಹೊಡೆತ. ಹೇಳದಿದ್ರೆ ಅವನ ಕಣ್ಣು ಹೋಗುತ್ತೆ. ಯಾವ ಕಡೆ ತಿರುಗಿಸ್ಲಿ ನೀನೇ ಹೇಳು.

ಅಪ್ಪ


ಏಪ್ರಿಲ್ ೧೯

ಗೂಬೆಮರಿ,

ನಿಮ್ಮಪ್ಪ ಮಾತಾಡ್ತಿಲ್ಲ. ರೂಮಲ್ಲಿ ಇಬ್ಬರೂ ಗೋಡೆ ಕಡೆ ಮುಖ ಮಾಡ್ಕೊಂಡು ಮಲಗ್ತೀವಿ. ಅದಕ್ಕೇ ನನ್ನ ಮಾತು ನಾನೇ ಬರೀತಿದ್ದೀನಿ.

ಸಿಟ್ಟು ಮಾಡ್ಕೋಬೇಡ. ಮೊದಲು ನಗು. ನಿಮ್ಮಪ್ಪನ ಶರ್ಟು ನನ್ನ ಹೊಟ್ಟೆಗೆ ಹಿಡಿಸ್ಲಿಲ್ಲ. ಗದ್ದ ಇಡೋಕೆ ಬಗ್ಗಿದ್ನಾ, ಗುಂಡಿ ಪಟಾರ್ ಅಂತ ಹಾರಿ ಆ ಕ್ಯಾಮೆರಾ ಹುಡುಗನ ಹಣೆಗೆ ಬಿತ್ತು. "ಉಸಿರು ಬಿಡಿ ಡ್ರೈವರ್ ಸಾಹೇಬ್ರೇ" ಅಂದ. ಬದುಕಲ್ಲಿ ಮೊದಲನೇ ಸಲ ನನ್ನನ್ನ ಯಾರೋ ಡ್ರೈವರ್ ಸಾಹೇಬ್ರು ಅಂದಿದ್ದು.

ಐಡಿಯಾ ಎಲ್ಲಿಂದ ಬಂತು ಗೊತ್ತಾ? ನಿನ್ನ ಕಾಗದದಿಂದಲೇ. ಮುಖ ಇಲ್ಲ, ಹೆಸರಿಲ್ಲ, ನಂಬರ್ ಅಷ್ಟೇ, ಮನೆಯವರದು ಬಂದ್ರೆ ನೋಡಲ್ಲ ಅಂತ ನೀನೇ ಬರೆದಿದ್ದೆ. ನಾನೇ ಓದಿ ಹೇಳಿದೆ, ನಾನೇ ಅವನನ್ನ ಒಪ್ಪಿಸಿದೆ. ಒಂದು ಕಣ್ಣು ಇನ್ನೊಂದು ಕಣ್ಣಿಗಿಂತ ಬೇರೆ ಅಂತ ಯಾರಿಗೆ ಗೊತ್ತಿತ್ತು? ನಮಗೆ ಕಣ್ಣು ಅಂದ್ರೆ ಕಣ್ಣು.

ನಿನ್ನ ಮಾರ್ಚ್ ಕಾಗದ ಓದ್ತಾ ಓದ್ತಾ ಅರ್ಧದಲ್ಲಿ ನನಗೆ ತಿಳೀತು, ಇದು ನನಗೇ ಬರೆದಿರೋದು ಅಂತ. ನಿಮ್ಮಪ್ಪ ಎದುರಿಗೇ ಕೂತಿದ್ದ. "ಮುಂದಕ್ಕೆ ಓದೋ" ಅಂದ. ಏನು ಓದ್ಲಿ? ಬಾಯಿಗೆ ಬಂದಿದ್ದು ಓದಿದೆ.

ಈಗ ನನ್ನ ಲೆಕ್ಕಾಚಾರ ಕೇಳು. ನಾನು ಬೇರೆ ಆಸ್ಪತ್ರೆಗೆ ಹೋಗಿ ನನ್ನ ಹೆಸರಲ್ಲೇ ತೋರಿಸ್ಕೊಂಡು ಹನಿ ಹಾಕ್ಕೊಳ್ತೀನಿ. ಪ್ರಾಮಿಸ್. ನೀನು ನಿಮ್ಮಪ್ಪನ ನಂಬರಿಗೆ ಚೆನ್ನಾಗಿದೆ ಅಂತ ಒತ್ತಿಬಿಡು. ನಿನಗೆ ಒಂದು ಬಟನ್ನು. ಅವನಿಗೆ ಪೂರ್ತಿ ಬದುಕು. ಟೈರ್ ಗೋಡೌನಲ್ಲಿ ಅವನು ಬದುಕಲ್ಲ ಕಣೇ. ನಾನು ಅವನ ಪಕ್ಕ ನಿಂತು ಇನ್ನೂ ಹುಷಾರಾಗಿ ನೋಡ್ತೀನಿ. ಕುತ್ತಿಗೆ ಆ ಕಡೆ ಈ ಕಡೆ ತಿರುಗಿಸ್ತಾನೇ ಇರ್ತೀನಿ, ಫ್ಯಾನ್ ಥರ.

ನಿನ್ನನ್ನ ಹೆಗಲ ಮೇಲೆ ಕೂರಿಸ್ಕೊಂಡು ಇಡೀ ಡಿಪೋ ಸುತ್ತಿಸಿದವನು ಕೇಳ್ತಿದ್ದೀನಿ.

ಸೀಟಿಮಾಮ


ಏಪ್ರಿಲ್ ೩೦

ಅಪ್ಪ, ಮಾಮ, ಇಬ್ಬರಿಗೂ,

ಈ ಕಾಗದ ಯಾರು ಬೇಕಾದ್ರೂ ಯಾರಿಗೆ ಬೇಕಾದ್ರೂ ಓದಿ. ಒಂದೇ ಬೇಡಿಕೆ, ಇದ್ದಿದ್ದು ಇದ್ದ ಹಾಗೆ ಓದಿ.

ಮಾಮ, ನಿನ್ನ ಕಾಗದ ಬಂದ ಮೇಲೆ ಆ ಬಟನ್ ಮೇಲೆ ಬೆರಳಿಟ್ಟು ಕೂತಿದ್ದೆ. ಚೆನ್ನಾಗಿದೆ. ಒತ್ತಿದ್ರೆ ಹಸಿರು ಆಗುತ್ತೆ, ಫೋಟೋ ಮಾಯ, ಮುಂದಿನ ಕಣ್ಣು ಬರುತ್ತೆ. ಅಷ್ಟೇ ಸುಲಭ. ನೀನು ಪ್ರಾಮಿಸ್ ಅಂದಿದ್ದೂ ನಂಬಿದೆ.

ಆ ವಾರ ನಾನು ಕೆಲಸ ಮಾಡ್ಲಿಲ್ಲ ಅಂತಲೇ ಹೇಳಬೇಕು. ಬೇರೆಯವರ ಕಣ್ಣು ಬರ್ತಿತ್ತು, ನೋಡ್ತಿದ್ದೆ, ಬರೀತಿದ್ದೆ. ಆದ್ರೆ "ಇನ್ನೊಮ್ಮೆ ನೋಡಬೇಕು" ಅನ್ನೋ ಕಡೆ ಒಂದು ಚಿಕ್ಕ ಕೆಂಪು ಚುಕ್ಕಿ ಇರುತ್ತೆ. ಅದು ಇನ್ನೂ ಅಲ್ಲೇ ಇದೆ ಅಂದ್ರೆ ನಿಮ್ಮ ಬಸ್ಸು ಇವತ್ತೂ ಹೊರಟಿದೆ ಅಂತ ಅರ್ಥ. ಮಧ್ಯಾಹ್ನ ಊಟಕ್ಕೆ ಮೇಲೆ ಬಂದು ಲಾಕರಿಂದ ಫೋನ್ ತೆಗೆದು ಮೊದಲು ಅಪಘಾತದ ಸುದ್ದಿ ಹುಡುಕ್ತಿದ್ದೆ. ಇಲ್ಲ ಅಂದ್ರೆ ಊಟ. ಇದನ್ನ ಎಷ್ಟು ದಿನ ಮಾಡ್ತೀಯೇ ಅಂತ ನನಗೆ ನಾನೇ ಬೈಕೊಂಡೆ.

ನೀನು ಹುಷಾರಾಗಿ ನೋಡ್ತೀನಿ ಅಂತೀಯ ಮಾಮ. ನೋಡೋಕೇ ಆಗದ ಜಾಗನ ಹುಷಾರಾಗಿ ಹೇಗೆ ನೋಡ್ತೀಯ? ಅಲ್ಲಿ ಕಪ್ಪು ಕಾಣಿಸಲ್ಲ, ಮಂಜು ಕಾಣಿಸಲ್ಲ. ರಸ್ತೆ ಖಾಲಿ ಇದೆ ಅಂತಲೇ ಅನ್ಸುತ್ತೆ. ಆ ಸೈಕಲ್ ಹುಡುಗಿ ನಿನಗೆ ಮರೆಯಾಗಿರಲಿಲ್ಲ. ನಿನ್ನ ಲೋಕದಲ್ಲಿ ಅವಳು ಇರಲೇ ಇಲ್ಲ.

ಇವತ್ತು ಬೆಳಿಗ್ಗೆ ಡಾಕ್ಟರಮ್ಮನ ಮುಂದೆ ಹೋಗಿ ಎಲ್ಲಾ ಹೇಳಿದೆ. ಪೂರ್ತಿ. ಅವರು ಬೈಯಲಿಲ್ಲ. ಫೋಟೋ ತೆಗೆದು ತುಂಬ ಹೊತ್ತು ನೋಡಿದ್ರು. "ಇದು ಬಂದು ಇಷ್ಟು ದಿನ ಆಯ್ತಲ್ಲ, ಅಷ್ಟೂ ದಿನ ಇಟ್ಕೊಂಡಿದ್ದೆಯಾ?" ಅಂದ್ರು. "ಪಕ್ಕದ ಟೇಬಲ್‌ಗೆ ಕೊಟ್ಟಿದ್ರೆ ಈ ಮನುಷ್ಯನಿಗೆ ಮಾರ್ಚಲ್ಲೇ ಹನಿ ಶುರು ಆಗ್ತಿತ್ತಮ್ಮಾ" ಅಂದ್ರು. ಅಪ್ಪನ ಮರ್ಯಾದೆ ಉಳಿಸ್ತೀನಿ ಅಂತ ಇಟ್ಕೊಂಡೆ, ಅದರ ಬೆಲೆನ ಮಾಮನ ಕಣ್ಣಿಂದ ತೆಗೆದು ಕೊಟ್ಟೆ.

ನಾಳೆಯಿಂದ ನಾನು ಆ ರೂಮಲ್ಲಿಲ್ಲ. ಮೇಲೆ ಚೀಟಿ ಕೊಡೋ ಕೌಂಟರಲ್ಲಿ ಕೂರಿಸಿದ್ದಾರೆ. ಡಾಕ್ಟರಮ್ಮ ನನ್ನೆದುರಿಗೇ ಡಿಪೋಗೆ ಫೋನ್ ಮಾಡಿದ್ರು. ಈ ಕಾಗದ ಬರೋ ಹೊತ್ತಿಗೆ ಅಪ್ಪ, ನಿನ್ನ ಕೈಯಿಂದ ಬಸ್ಸು ಹೋಗಿರುತ್ತೆ. ಬೇರೆ ಯಾರೂ ಹೇಳಿದ್ದಲ್ಲ, ನಾನೇ. ಬೈಯಬೇಕು ಅನ್ಸಿದ್ರೆ ಬೈಯಿ.

ಇಬ್ಬರಿಗೂ ಚೀಟಿ ನಾನೇ ಬರೆದಿಟ್ಟಿದ್ದೀನಿ. ಈ ಸಲ ಅವರವರ ಹೆಸರಲ್ಲಿ.

ಗೂಬೆಮರಿ


ಆಗಸ್ಟ್ ೧೭

ಮಗಳೇ,

ನಿನ್ನ ಹಳೇ ಕಾಗದಗಳನ್ನೆಲ್ಲ ತೆಗೆದು ಓದಿದೆ. ಎಂಥ ದಪ್ಪ ಅಕ್ಷರನೇ ಮಾರಾಯ್ತಿ! ಗೋಡೆ ಮೇಲೆ ಬರೆಯೋದಾ? ಇನ್ಮೇಲೆ ಸಣ್ಣಕ್ಕೆ ಬರಿ, ಕಾಗದ ದಂಡ.

ಆಪರೇಷನ್ ಆದ ಮೇಲೆ ಎಲ್ಲಾ ಎಷ್ಟು ಚೂಪಾಗಿ ಕಾಣುತ್ತೆ ಅಂದ್ರೆ ಒಂದೊಂದು ಸಲ ಇಷ್ಟು ಬೇಡವಾಗಿತ್ತು ಅನ್ಸುತ್ತೆ. ರೂಮಿನ ಗೋಡೆ ನೀಲಿ ಅಂತೆ, ನಾನು ಬೂದಿ ಬಣ್ಣ ಅಂದ್ಕೊಂಡಿದ್ದೆ. ಕನ್ನಡಿಲಿರೋನು ನನಗಿಂತ ಮುದುಕ. ಆವತ್ತು ಕೌಂಟರಲ್ಲಿ ನೀನು ಎಷ್ಟು ಇಳಿದು ಹೋಗಿದ್ದೀಯ ಅಂತ ನನಗೆ ಕಂಡಿರಲಿಲ್ಲ. ಪಟ್ಟಿ ಬಿಚ್ಚಿದಾಗ ಕಂಡೆ. ಬೈಯೋಕೆ ಅಂತ ಇಟ್ಕೊಂಡಿದ್ದ ಮಾತೆಲ್ಲ ಅಲ್ಲೇ ನುಂಗಿದೆ.

ಟೈರ್ ಗೋಡೌನಿಗೆ ಹಾಕಿದ್ದಾರೆ. ದಪ್ಪಮೀಸೆ "ಬಾರಪ್ಪಾ, ನಿನ್ನ ಜಾಗ ಇಟ್ಟಿದ್ದೆ" ಅಂತ ಒಂದು ಟೈರು ಉರುಳಿಸಿ ಕೂರೋಕೆ ಕೊಟ್ಟ. ಇಲ್ಲಿಂದ ಗೇಟು ಕಾಣುತ್ತೆ. ಬಸ್ಸುಗಳ ನಂಬರು, ಡ್ರೈವರುಗಳ ಮುಖ, ಗಾಜಿನ ಮೇಲಿನ ನೊಣ, ಎಲ್ಲಾ ಕಾಣುತ್ತೆ. ನಾನು ಓಡಿಸ್ತಿದ್ದ ಬಸ್ಸು ದಿನಾ ನನ್ನ ಮುಂದೇನೇ ಹೋಗುತ್ತೆ. ಈಗ ಓಡಿಸೋಕೆ ಸರಿಯಾಗಿರೋ ಕಣ್ಣು ಬಂದಿದೆ ನೋಡು. ಜಾಗ ಇಲ್ಲ.

ಸೀಟಿ ವಿಷಯ ಕೇಳಿದ್ದೀಯ. ಸಸ್ಪೆಂಡ್ ಮುಗಿಸಿ ವಾಪಸ್ ತಗೊಂಡ್ರು, ಆದ್ರೆ ಬಸ್ ಹತ್ತೋ ಹಾಗಿಲ್ಲ, ವಿಚಾರಣೆ ಮುಗಿದಿಲ್ಲ. ರೂಮು ಬಿಟ್ಟು ಹೋಗಿದ್ದಾನೆ. ನಾನು ಆಪರೇಷನ್ನಿಗೆ ನಿಮ್ಮಲ್ಲಿಗೆ ಬಂದಿದ್ದಾಗ ಹೋದ, ತನ್ನ ಹಾಸಿಗೆ ಸುತ್ತಿಕೊಂಡು. ಆವತ್ತಿಂದ ಮಾತಿಲ್ಲ. ಹನಿ ಹಾಕ್ಕೊಳ್ತಿದ್ದಾನಾ ಅಂತ ನೀನು ಕೇಳ್ತೀಯ. ನನಗೆ ಗೊತ್ತಿಲ್ಲ ಕಣೇ. ಇಷ್ಟು ವರ್ಷ ಅವನು ಯಾವ ಮಗ್ಗುಲಲ್ಲಿ ಗೊರಕೆ ಹೊಡೀತಾನೆ ಅಂತಲೂ ಗೊತ್ತಿತ್ತು. ಈಗ ಇದು ಗೊತ್ತಿಲ್ಲ.

ಇವತ್ತು ಆಫೀಸಿನ ಹೊರಗಿನ ಬೆಂಚಲ್ಲಿ ಕೂತಿದ್ದ. ಕರೆದಿರಬೇಕು ಒಳಗಿಂದ. ನಾನು ಹೋಗಿ ಅವನ ಬಲಗಡೆ ನಿಂತ್ಕೊಂಡೆ, ಕೈ ಚಾಚಿದ್ರೆ ಹೆಗಲು ಸಿಗೋ ಅಷ್ಟು ಹತ್ತಿರ. ಟೈರ್ ಮುಟ್ಟೋ ಕೈ ಅಲ್ವಾ, ವಾಸನೆನೂ ಬಂದಿರಬೇಕು. ಅವನ ಕತ್ತಿನ ಹಿಂದಿನ ಬಿಳಿ ಕೂದಲು ಒಂದೊಂದೂ ಕಾಣ್ತಿತ್ತು. ಅವನು ಎದುರಿಗಿನ ಗೋಡೆ ನೋಡ್ತಾ ಕೂತಿದ್ದ. ತಿರುಗಲಿಲ್ಲ.

ನನ್ನ ಮೇಲಿನ ಸಿಟ್ಟಿಗೆ ತಿರುಗಲಿಲ್ಲವಾ, ಇಲ್ಲಾ ನಾನಲ್ಲಿ ಇದ್ದಿದ್ದೇ ಅವನಿಗೆ ಕಾಣಲಿಲ್ಲವಾ? ಎರಡು ಹೆಜ್ಜೆ ಮುಂದಕ್ಕೆ ಹೋಗಿ ಎದುರಿಗೆ ನಿಂತಿದ್ರೆ ತಿಳಿದುಬಿಡ್ತಿತ್ತು.

ನಿಲ್ಲೋಕಾಗಲಿಲ್ಲ ಮಗಳೇ. ಸಿಟ್ಟೇ ಇರಲಿ ಅಂತ ಅಂದ್ಕೊಂಡು ವಾಪಸ್ ಬಂದೆ.

ಇಂತಿ ನಿನ್ನ
ಅಪ್ಪ